ಅನುದಾನಿತ ಶಾಲೆಯ ಆಡಿಟ್: ನೋಟಿಸ್ ಬರುವ ಮೊದಲಿನಿಂದ ತೀರುವಳಿ ಪತ್ರ ಕೈಸೇರುವವರೆಗೆ

"ಮುಂದಿನ ವಾರ ಆಡಿಟ್‌ನವರು ಬರ್ತಾರಂತೆ" ಎಂಬ ಮಾತು ಕಿವಿಗೆ ಬಿದ್ದ ದಿನ ಶಾಲೆಯ ಕಚೇರಿ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಬೀರುವಿನ ಬಾಗಿಲು ತೆರೆದೇ ಇರುತ್ತದೆ. ಮೇಜಿನ ತುಂಬ ಓಚರ್, ಅಂದರೆ ಖರ್ಚಿಗೆ ಸಾಕ್ಷಿಯಾದ ಬಿಲ್ಲು, ರಸೀದಿಗಳು. ಮುಖ್ಯ ಗುರುಗಳು ಮೂರು ತಿಂಗಳ ನಗದು ಪುಸ್ತಕಕ್ಕೆ ಒಂದೇ ಸಲ ಕೂತು ಸಹಿ ಹಾಕುತ್ತಿರುತ್ತಾರೆ. ಅನುದಾನಿತ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಈ ಗಾಬರಿಯನ್ನು ನಾನೂ ಅನುಭವಿಸಿದ್ದೇನೆ. ನಿಯತ್ತಾಗಿ ನಡೆಯುವ ಶಾಲೆಗಳೂ ಬರೀ ಕಾಗದ ಸರಿಯಿಲ್ಲದ ಕಾರಣಕ್ಕೆ ಆಕ್ಷೇಪಣೆ ಹೊತ್ತುಕೊಳ್ಳುವುದನ್ನು ನೋಡಿ ಬೇಜಾರಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕರ್ನಾಟಕದ ಅನುದಾನಿತ ಶಾಲೆಗಳ ಮುಖ್ಯ ಗುರುಗಳು, ಗುಮಾಸ್ತರು, ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಲಿ ಅಂತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಡಿಟ್ ಅಂದರೆ ತಾಳೆ ನೋಡುವುದು. ಹಣ ಯಾವ ಆದೇಶದ ಮೇಲೆ ಬಂತು, ಯಾವತ್ತು ಜಮಾ ಆಯಿತು, ಯಾರಿಗೆ ಹೋಯಿತು, ಹೋಗಿದ್ದಕ್ಕೆ ಏನು ಬಂತು? ಈ ನಾಲ್ಕು ಪ್ರಶ್ನೆಗೆ ನಾಲ್ಕು ಬೇರೆ ಬೇರೆ ಪುಸ್ತಕಗಳು ಒಂದೇ ಉತ್ತರ ಕೊಡಬೇಕು. ಮುಂದೆ ಬರುವ ಎಲ್ಲ ಹಂತಗಳೂ ಇದಕ್ಕೇ.

ಹಂತ 1: ಯಾರು ಬರುತ್ತಾರೆ, ಏನು ನೋಡುತ್ತಾರೆ

ಎಲ್ಲರನ್ನೂ "ಆಡಿಟ್‌ನವರು" ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ. ಆದರೆ ಒಬ್ಬೊಬ್ಬರ ಕೆಲಸ ಒಂದೊಂದು.

ಪ್ರತಿ ವರ್ಷ ಸಂಸ್ಥೆಯ ಲೆಕ್ಕ ನೋಡುವವರು ಆಡಳಿತ ಮಂಡಳಿ ನೇಮಿಸಿಕೊಂಡ ಚಾರ್ಟರ್ಡ್ ಅಕೌಂಟೆಂಟ್. ಸಂಸ್ಥೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಆ ಲೆಕ್ಕ ಸಂಘಗಳ ನೋಂದಣಾಧಿಕಾರಿಗೂ ಹೋಗಬೇಕು, ಆದಾಯ ತೆರಿಗೆ ವಿವರಕ್ಕೂ ಬೇಕು. ಎರಡನೆಯವರು ಶಿಕ್ಷಣ ಇಲಾಖೆಯ ಲೆಕ್ಕ ಶಾಖೆಯವರು. ಇವರ ಕಣ್ಣು ಮುಖ್ಯವಾಗಿ ವೇತನಾನುದಾನದ ಮೇಲೆ, ಅಂದರೆ ಸಂಬಳಕ್ಕೆ ಅಂತ ಸರ್ಕಾರ ಕೊಡುವ ಹಣದ ಮೇಲೆ. ಮೂರನೆಯವರು ಮಹಾಲೇಖಪಾಲರ ಕಚೇರಿಯವರು, ಅಂದರೆ ಸಿಎಜಿ (ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು) ಕಡೆಯವರು.

"ನಮ್ಮದು ಚಿಕ್ಕ ಶಾಲೆ, ಸಿಎಜಿ ಇಲ್ಲಿಗೆ ಯಾಕೆ ಬರ್ತಾರೆ?" ಅಂತ ಬಹಳ ಜನ ಕೇಳುತ್ತಾರೆ. 1971ರ ಸಿಎಜಿ ಕಾಯ್ದೆಯ 14ನೇ ಸೆಕ್ಷನ್ ನೋಡಿ. ಒಂದು ಸಂಸ್ಥೆಗೆ ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಅನುದಾನ ಬಂದು, ಅದು ಆ ಸಂಸ್ಥೆಯ ಒಟ್ಟು ಖರ್ಚಿನ ಶೇ. 75ಕ್ಕೂ ಕಡಿಮೆಯಿಲ್ಲದಿದ್ದರೆ, ಅದರ ಲೆಕ್ಕ ಸಿಎಜಿ ವ್ಯಾಪ್ತಿಗೆ ಬರುತ್ತದೆ. ಆರು ಶಿಕ್ಷಕರಿದ್ದು ತಲಾ 60,000 ಸಂಬಳ ಅಂದುಕೊಳ್ಳಿ. ವರ್ಷಕ್ಕೆ 43 ಲಕ್ಷ 20 ಸಾವಿರ. ಹಳ್ಳಿಯ ಚಿಕ್ಕ ಪ್ರೌಢಶಾಲೆಯೂ 25 ಲಕ್ಷದ ಗೆರೆ ದಾಟಿಯೇ ಇರುತ್ತದೆ. ಇನ್ನೊಂದು ಮುಖ್ಯ ವಿಷಯ: ಹಾಗೆ ವ್ಯಾಪ್ತಿಗೆ ಬಂದ ಮೇಲೆ ಅವರು ನೋಡುವುದು ಅನುದಾನವನ್ನು ಮಾತ್ರ ಅಲ್ಲ. ಸಂಸ್ಥೆಯ ಎಲ್ಲ ಜಮಾ, ಎಲ್ಲ ಖರ್ಚು. ಮಕ್ಕಳಿಂದ ಪಡೆದ ಶುಲ್ಕ, ದಾನಿಗಳು ಕೊಟ್ಟ ದೇಣಿಗೆ, ಸಭಾಂಗಣದ ಬಾಡಿಗೆ, ಎಲ್ಲವೂ.

ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ "ನಮಗೆ ಇದೆಲ್ಲ ಅನ್ವಯಿಸಲ್ಲ" ಎಂಬ ತಪ್ಪು ತಿಳಿವಳಿಕೆ ಇದೆ. ಸುಪ್ರೀಂ ಕೋರ್ಟ್ 2014ರಲ್ಲಿ ಅವರಿಗೆ ವಿನಾಯಿತಿ ಕೊಟ್ಟಿದ್ದು ಶಿಕ್ಷಣ ಹಕ್ಕು ಕಾಯ್ದೆಯಿಂದ. ಸರ್ಕಾರದ ಹಣ ಪಡೆದು ಲೆಕ್ಕ ಕೊಡುವ ಹೊಣೆಯಿಂದ ಅಲ್ಲ. ಆಡಳಿತ ನಡೆಸುವ ಹಕ್ಕು ಅಂದರೆ ಹೇಗೆ ಬೇಕಾದರೂ ನಡೆಸುವ ಹಕ್ಕಲ್ಲ ಅಂತ ಅದೇ ಕೋರ್ಟು 1958ರಲ್ಲೇ ಕೇರಳ ಶಿಕ್ಷಣ ಮಸೂದೆಯ ವಿಷಯದಲ್ಲಿ ಹೇಳಿದೆ.

ಹಂತ 2: ಖಾತೆ ಬೇರೆ ಮಾಡಿ, ಇವತ್ತೇ

ನನ್ನ ಅನುಭವದಲ್ಲಿ ದೊಡ್ಡ ಆಕ್ಷೇಪಣೆಗಳ ಬೇರು ಇಲ್ಲೇ ಇರುತ್ತದೆ. ಇವತ್ತು ಬಹಳ ಕಡೆ ಒಂದೇ ಕಾಂಪೌಂಡಿನಲ್ಲಿ ಅನುದಾನಿತ ಕನ್ನಡ ಮಾಧ್ಯಮ ಶಾಲೆ, ಪಕ್ಕದಲ್ಲೇ ಅನುದಾನವಿಲ್ಲದ ಇಂಗ್ಲಿಷ್ ಮಾಧ್ಯಮ ಶಾಲೆ ಇರುತ್ತವೆ. ಆಡಳಿತ ಮಂಡಳಿ ಒಂದೇ. ಕರೆಂಟಿನ ಮೀಟರ್ ಒಂದೇ. ಲ್ಯಾಬ್ ಒಂದೇ. ಕೆಲವೊಮ್ಮೆ ಗಣಿತದ ಮೇಷ್ಟ್ರೂ ಒಬ್ಬರೇ! ಸರ್ಕಾರದಿಂದ ಸಂಬಳ ಪಡೆಯುವ ಶಿಕ್ಷಕರು ಶಾಲಾ ಅವಧಿಯಲ್ಲಿ ಅನುದಾನವಿಲ್ಲದ ತರಗತಿಗೆ ಪಾಠ ಮಾಡಿದರೆ ಅದು ದೊಡ್ಡ ತಪ್ಪು. ಆಡಿಟರ್ ಅದನ್ನು ಹಿಡಿಯುವುದು ವೇಳಾಪಟ್ಟಿಯಿಂದ. ಎರಡೂ ಶಾಲೆಯ ವೇಳಾಪಟ್ಟಿ ಅಕ್ಕಪಕ್ಕ ಇಟ್ಟರೆ ಸಾಕು, ಒಂದೇ ಹೆಸರು ಎರಡು ಕಡೆ ಕಾಣುತ್ತದೆ.

ಹಾಗಾಗಿ ಮೊದಲು ಬ್ಯಾಂಕ್ ಖಾತೆಗಳ ಪಟ್ಟಿ ಮಾಡಿ. ಯಾವ ಖಾತೆ ಯಾವ ಶಾಲೆಯದು, ಯಾವುದಕ್ಕೆ ತೆರೆದದ್ದು, ಸಹಿ ಹಾಕುವ ಇಬ್ಬರು ಯಾರು. ಅನುದಾನದ ಹಣ, ಶುಲ್ಕದ ಹಣ, ಬಿಸಿಯೂಟದ ಹಣ, ಸಂಸ್ಥೆಯ ದೇಣಿಗೆ, ಇವು ಒಂದಕ್ಕೊಂದು ಬೆರೆಯಬಾರದು. ಒಂದು ಖಾತೆಯಿಂದ ಇನ್ನೊಂದಕ್ಕೆ "ಸ್ವಲ್ಪ ದಿನಕ್ಕೆ" ಅಂತ ಹಣ ತಿರುಗಿಸಬೇಡಿ. ವಾಪಸ್ ಹಾಕಿದರೂ ಅದು ಆಕ್ಷೇಪಣೆಯೇ. ಬಳಸದೆ ನಿಂತ ಹಳೆಯ ಖಾತೆ ಇದ್ದರೆ ಬಾಕಿ ಏನು ಅಂತ ಬ್ಯಾಂಕಿನಿಂದ ಬರೆಸಿಕೊಂಡು, ಯಾರ ಹಣ ಅಂತ ತಿಳಿದು, ಮುಚ್ಚಿಸಿ.

ಹಂಚಿಕೊಳ್ಳಲೇಬೇಕಾದ ಖರ್ಚುಗಳಿಗೆ ಒಂದು ಲೆಕ್ಕಾಚಾರ ಇರಬೇಕು. ಕರೆಂಟ್ ಬಿಲ್ಲನ್ನು ಕೊಠಡಿಗಳ ಸಂಖ್ಯೆಯ ಮೇಲೆ ಹಂಚುತ್ತೀರೋ, ಮಕ್ಕಳ ಸಂಖ್ಯೆಯ ಮೇಲೋ, ಯಾವುದಾದರೂ ಸರಿ. ವರ್ಷದ ಮೊದಲಲ್ಲೇ ಆಡಳಿತ ಮಂಡಳಿ ಸಭೆಯಲ್ಲಿ ಠರಾವು ಮಾಡಿ, ವರ್ಷವಿಡೀ ಅದೇ ಪ್ರಕಾರ ಹಂಚಿ. ಸಾಧ್ಯವಾದರೆ ಬೇರೆ ಮೀಟರ್ ಹಾಕಿಸಿಬಿಡಿ. ಎಷ್ಟೋ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಹಂತ 3: ನಗದು ಪುಸ್ತಕ

ದಿನದ ಲೆಕ್ಕ ದಿನವೇ ಬರೆಯಿರಿ. ಸಂಜೆ ಬಾಕಿ ಎಳೆದು ಮುಖ್ಯ ಗುರುಗಳ ಸಹಿ ಹಾಕಿಸಿ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಬರೆಯುವವರು ತಿಂಗಳಿಗೊಮ್ಮೆ ಮುದ್ರಿಸಿ, ಪುಟ ಸಂಖ್ಯೆ ಹಾಕಿ, ಸಹಿ ಮಾಡಿಸಿ ಬೈಂಡ್ ಮಾಡಿಸಿಡಿ.

ತಪ್ಪಾದರೆ ವೈಟ್ನರ್ ಮುಟ್ಟಬೇಡಿ. ಇದನ್ನು ನಾನು ಕಲಿತದ್ದು ಹೀಗೆ. ಒಮ್ಮೆ 1,850 ಅಂತ ಬರೆಯುವ ಕಡೆ 1,580 ಅಂತ ಬರೆದು, ಬಿಳಿ ಹಚ್ಚಿ ತಿದ್ದಿದ್ದೆ. ಆಡಿಟರ್ ಆ ಪುಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿನ ಅಂಕಿ ಕಂಡಿತು. ಏನೂ ಹೇಳಲಿಲ್ಲ, ಆದರೆ ಆಮೇಲೆ ಇಡೀ ಪುಸ್ತಕದ ಒಂದೊಂದು ಪುಟವನ್ನೂ ಹಾಗೇ ಬೆಳಕಿಗೆ ಹಿಡಿದು ನೋಡಿದರು. ಎರಡು ದಿನದ ಕೆಲಸ ನಾಲ್ಕು ದಿನ ಆಯಿತು. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ ಎಳೆಯಿರಿ, ಹಳೆಯದು ಓದುವಂತಿರಲಿ. ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಣ್ಣ ಸಹಿ, ದಿನಾಂಕ.

ತಿಂಗಳ ಕೊನೆಗೆ ಬ್ಯಾಂಕ್ ತಾಳೆ ಪಟ್ಟಿ ಮಾಡಲೇಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮಾರ್ಚ್ 31ಕ್ಕೆ ನಗದು ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ 41,900. ಪಾಸ್‌ಬುಕ್‌ನಲ್ಲಿ 49,632. ವ್ಯತ್ಯಾಸ ಯಾಕೆ? ಮಾರ್ಚ್ 28ಕ್ಕೆ ಸ್ಟೇಷನರಿ ಅಂಗಡಿಗೆ ಕೊಟ್ಟ 7,100ರ ಚೆಕ್ಕನ್ನು ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಬ್ಯಾಂಕ್ 750 ಬಡ್ಡಿ ಕೊಟ್ಟಿದೆ, ನಾವು ಬರೆದಿಲ್ಲ. 118 ಶುಲ್ಕ ಕಡಿದಿದೆ, ಅದನ್ನೂ ಬರೆದಿಲ್ಲ. 41,900ಕ್ಕೆ 7,100 ಮತ್ತು 750 ಸೇರಿಸಿ 118 ಕಳೆದರೆ 49,632. ತಾಳೆ ಆಯಿತು. ಈಗ ಬಡ್ಡಿಯನ್ನೂ ಬ್ಯಾಂಕ್ ಶುಲ್ಕವನ್ನೂ ನಗದು ಪುಸ್ತಕಕ್ಕೆ ತನ್ನಿ. ಅನುದಾನದ ಖಾತೆಯಲ್ಲಿ ಹುಟ್ಟಿದ ಬಡ್ಡಿ ನಮ್ಮದು ಅಂತ ಖರ್ಚು ಮಾಡಬೇಡಿ. ಮಂಜೂರಾತಿ ಆದೇಶದಲ್ಲಿ ಏನು ಹೇಳಿದೆ ಅಂತ ಓದಿ, ಅದರಂತೆ ನಡೆಯಿರಿ.

ಓಚರ್ ವಿಷಯ ಚಿಕ್ಕದು, ಆದರೆ ಜಾಸ್ತಿ ಆಕ್ಷೇಪಣೆ ಬರುವುದು ಇದರಲ್ಲೇ. ಬಿಲ್ಲಿನ ಮೇಲೆ ಕ್ರಮಸಂಖ್ಯೆ, "ಪಾವತಿಸಿ" ಎಂಬ ಆದೇಶ, ಮುಖ್ಯ ಗುರುಗಳ ಸಹಿ, ಹಣ ಪಡೆದವರ ಸಹಿ ಇರಲಿ. 5,000 ದಾಟಿದ ನಗದು ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಸಂಸ್ಥೆಯ ಆದಾಯ ತೆರಿಗೆ ಲೆಕ್ಕದಲ್ಲಿ ತೊಂದರೆ ಬರುತ್ತದೆ, ಚೆಕ್ ಅಥವಾ ಆನ್‌ಲೈನ್‌ನಲ್ಲೇ ಕೊಡಿ. ವಸ್ತು ಕೊಂಡಿದ್ದರೆ ಬಿಲ್ಲಿನ ಹಿಂದೆ "ದಾಸ್ತಾನು ವಹಿ ಪುಟ ಇಂಥದ್ದರಲ್ಲಿ ಸೇರಿಸಿದೆ" ಅಂತ ಬರೆಯಿರಿ. ಆ ಒಂದು ಸಾಲು ಇಲ್ಲದಿದ್ದರೆ ಹತ್ತು ಕುರ್ಚಿ ಕಣ್ಣೆದುರಿಗೇ ಇದ್ದರೂ ಲೆಕ್ಕದಲ್ಲಿ ಇಲ್ಲದಂತೆ.

ಹಂತ 4: ವೇತನಾನುದಾನ

ಅನುದಾನಿತ ಶಾಲೆಗೆ ಬರುವ ಸರ್ಕಾರದ ಹಣದಲ್ಲಿ ಹೆಚ್ಚಿನ ಪಾಲು ಸಂಬಳವೇ. ನೌಕರರ ಸೇವೆ, ಸಂಬಳದ ಸರ್ಕಾರಿ ತಂತ್ರಾಂಶ ಎಚ್‌ಆರ್‌ಎಂಎಸ್ ಬಂದ ಮೇಲೆ ಬಿಲ್ಲು ಕಂಪ್ಯೂಟರಿನಲ್ಲಿ ತಯಾರಾಗುತ್ತದೆ, ಹಣ ನೇರ ನೌಕರರ ಖಾತೆಗೆ ಹೋಗುತ್ತದೆ. "ಹಾಗಾದರೆ ನಮ್ಮ ಜವಾಬ್ದಾರಿ ಏನಿದೆ?" ಅಂದುಕೊಳ್ಳಬೇಡಿ. ಕಂಪ್ಯೂಟರಿಗೆ ಮಾಹಿತಿ ಹೋಗುವುದು ನಮ್ಮ ಶಾಲೆಯಿಂದ.

ಪ್ರತಿ ನೌಕರರಿಗೂ ಒಂದೊಂದು ಕಡತ ಮಾಡಿ. ಮೇಲಿಂದ ಕೆಳಗೆ ಈ ಕ್ರಮದಲ್ಲಿ: ಹುದ್ದೆ ಮಂಜೂರಾದ ಆದೇಶ, ಆ ಹುದ್ದೆಯನ್ನು ಅನುದಾನಕ್ಕೆ ಒಳಪಡಿಸಿದ ಆದೇಶ, ನೇಮಕಾತಿಗೆ ಇಲಾಖೆ ಕೊಟ್ಟ ಅನುಮೋದನೆ, ವಿದ್ಯಾರ್ಹತೆಯ ದಾಖಲೆ ಮತ್ತು ಅದರ ನೈಜತೆ ಪತ್ರ, ಮೀಸಲಾತಿಯಲ್ಲಿ ಬಂದವರಾದರೆ ಜಾತಿ ಸಿಂಧುತ್ವ ಪ್ರಮಾಣಪತ್ರ, ವೇತನ ನಿಗದಿ ತಖ್ತೆಗಳು. ಆಮೇಲೆ ಸೇವಾ ಪುಸ್ತಕ. ಅನುಮೋದನೆ ಪತ್ರವೇ ಸಿಗದಿದ್ದರೆ ಇಷ್ಟು ವರ್ಷದ ಸಂಬಳದ ಬಗ್ಗೆಯೇ ಪ್ರಶ್ನೆ ಏಳುತ್ತದೆ. ಹಳೆಯ ಕಾಗದ ಕಳೆದಿದ್ದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಈಗಲೇ ಪತ್ರ ಬರೆದು ದೃಢೀಕೃತ ಪ್ರತಿ ತರಿಸಿಕೊಳ್ಳಿ. ಆಡಿಟ್ ನಡೆಯುವಾಗ ಹುಡುಕಲು ಹೋದರೆ ಸಮಯ ಸಾಲುವುದಿಲ್ಲ.

ವೇತನ ನಿಗದಿಯನ್ನು ನೀವೇ ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ನೋಡಿ. ರಾಜ್ಯದ 7ನೇ ವೇತನ ಆಯೋಗದ ಪರಿಷ್ಕರಣೆ 2022ರ ಜುಲೈ 1ರ ಮೂಲವೇತನದ ಮೇಲೆ ನಿಂತಿದೆ, ಹಣ ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ಹಳೆಯ ಶ್ರೇಣಿಯ ಕನಿಷ್ಠ ಮೂಲವೇತನ 17,000 ತೆಗೆದುಕೊಳ್ಳಿ. ಅದರ ಶೇ. 31 ತುಟ್ಟಿಭತ್ಯೆ 5,270. ಶೇ. 27.5 ಫಿಟ್‌ಮೆಂಟ್, ಅಂದರೆ ಪರಿಷ್ಕರಣೆಯಲ್ಲಿ ಕೊಟ್ಟ ಹೆಚ್ಚಳ, 4,675. ಒಟ್ಟು 26,945. ಹೊಸ ಶ್ರೇಣಿಯಲ್ಲಿ ಅದರ ಮುಂದಿನ ಹಂತ 27,000. ಇದೇ ರೀತಿ ಪ್ರತಿಯೊಬ್ಬರದೂ ಹಾಕಿ. ಒಂದು ಹಂತ ಮೇಲೆ ನಿಗದಿಯಾಗಿದ್ದರೆ ಆ ತಪ್ಪು ಪ್ರತಿ ತಿಂಗಳು ತುಟ್ಟಿಭತ್ಯೆಯ ಜೊತೆ ಬೆಳೆಯುತ್ತಾ ಹೋಗುತ್ತದೆ. ನಿವೃತ್ತಿಯ ಹೊತ್ತಿಗೆ ಅದು ಲಕ್ಷಗಳಾಗಿ, ಪಾಪ, ಆ ಶಿಕ್ಷಕರ ಕೊನೆಯ ಹಣದಿಂದ ಕಡಿತವಾಗುವ ಸ್ಥಿತಿ ಬರುತ್ತದೆ.

ಹಾಜರಾತಿ ವಹಿ, ರಜೆ ಅರ್ಜಿ, ಸೇವಾ ಪುಸ್ತಕ ಮತ್ತು ವೇತನ ಬಿಲ್ಲು, ಈ ನಾಲ್ಕನ್ನೂ ಒಟ್ಟಿಗಿಟ್ಟು ಒಂದು ವರ್ಷದ್ದು ತಾಳೆ ನೋಡಿ. ವೇತನರಹಿತ ರಜೆ ಹಾಕಿದವರಿಗೆ ಆ ತಿಂಗಳು ಪೂರ್ತಿ ಸಂಬಳ ಆಗಿದೆಯೇ? ಅವರ ವಾರ್ಷಿಕ ವೇತನ ಬಡ್ತಿಯ ದಿನಾಂಕದ ಮೇಲೆ ಆ ರಜೆಯ ಪರಿಣಾಮ ನೋಡಿದ್ದೀರಾ? 10, 15, 20 ವರ್ಷಕ್ಕೆ ಸಿಗುವ ಕಾಲಮಿತಿಯ ಸೌಲಭ್ಯಗಳಿಗೆ ಆದೇಶ ಇದೆಯೇ? ಮನೆಬಾಡಿಗೆ ಭತ್ಯೆ ಊರಿನ ವರ್ಗಕ್ಕೆ ತಕ್ಕಂತಿದೆಯೇ? ಮಕ್ಕಳ ಸಂಖ್ಯೆ ಇಳಿದು ಹೆಚ್ಚುವರಿ ಆದ ಶಿಕ್ಷಕರ ವಿಷಯವನ್ನು ಇಲಾಖೆಗೆ ಬರೆದು ತಿಳಿಸಿದ್ದೀರಾ? ಆ ಪತ್ರದ ಪ್ರತಿ, ಸ್ವೀಕೃತಿ ಮೊಹರು ಸಮೇತ, ಕಡತದಲ್ಲಿರಲಿ.

ಹಂತ 5: ಮಕ್ಕಳ ಸಂಖ್ಯೆ ಮತ್ತು ಅಕ್ಕಿ

ಮಕ್ಕಳ ಸಂಖ್ಯೆ ಎಲ್ಲಾ ಕಡೆ ಒಂದೇ ಇರಬೇಕು: ದಾಖಲಾತಿ ವಹಿ, ತರಗತಿ ಹಾಜರಾತಿ, ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ಮಾಹಿತಿ ತಂತ್ರಾಂಶ), ಯುಡೈಸ್ (ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆ), ಬಿಸಿಯೂಟದ ವಹಿ. ಮಗು ವರ್ಗಾವಣೆ ಪತ್ರ ತಗೊಂಡು ಹೋದ ದಿನವೇ ಎಲ್ಲಾ ಕಡೆ ಹೆಸರು ತೆಗೆಯಿರಿ.

ಅಕ್ಷರ ದಾಸೋಹದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ರ ಮಗುವಿಗೆ 150 ಗ್ರಾಂ ಧಾನ್ಯ. ಚಿಕ್ಕ ತರಗತಿಗಳಲ್ಲಿ 60 ಮಕ್ಕಳು ಉಂಡರೆ 6 ಕೆಜಿ. ದೊಡ್ಡ ತರಗತಿಗಳಲ್ಲಿ 40 ಮಕ್ಕಳು ಉಂಡರೆ ಮತ್ತೆ 6 ಕೆಜಿ. ದಿನಕ್ಕೆ 12, ತಿಂಗಳಲ್ಲಿ 22 ದಿನ ಅಡುಗೆ ಆದರೆ 264 ಕೆಜಿ. ವಹಿಯಲ್ಲಿ 300 ಅಂತ ಇದ್ದರೆ 36 ಕೆಜಿ ಎಲ್ಲಿ ಅಂತ ಕೇಳುತ್ತಾರೆ. ಆಡಿಟರ್ ಹಿಂದಿನ ತಿಂಗಳ ಬಾಕಿಗೆ ಬಂದ ಮೂಟೆ ಸೇರಿಸಿ, ಖರ್ಚು ಕಳೆದು, ನೇರ ಉಗ್ರಾಣಕ್ಕೆ ಹೋಗಿ ಉಳಿದ ಅಕ್ಕಿ ತೂಗಿಸುತ್ತಾರೆ. ನೀವೂ ತಿಂಗಳಿಗೊಮ್ಮೆ ತೂಗಿಸಿ. ಹುಳ ಬಿದ್ದು, ನೆನೆದು ಹಾಳಾದದ್ದಿದ್ದರೆ ಅವತ್ತೇ ಮಹಜರು ಬರೆದು ಮೇಲಿನವರಿಗೆ ತಿಳಿಸಿ.

ಉಂಡವರ ಸಂಖ್ಯೆಯನ್ನು ನಿಜವಾಗಿ ಎಣಿಸಿ ಬರೆಯಿರಿ. ಊರ ಜಾತ್ರೆಯ ಮರುದಿನವೂ 100ಕ್ಕೆ 100 ಮಕ್ಕಳು ಉಂಡರು ಅಂತ ಇದ್ದರೆ ಯಾರು ನಂಬುತ್ತಾರೆ? ಇದು ಮಕ್ಕಳ ತಟ್ಟೆಯ ಅನ್ನ. ಇದರಲ್ಲಿ ಸುಮ್ನೆ ಅಂದಾಜಿಗೆ ಬರೆಯಲೇಬಾರದು.

ಹಂತ 6: ಶುಲ್ಕ

ಇಲಾಖೆ ನಿಗದಿ ಮಾಡಿದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಪಡೆದರೂ ಅದಕ್ಕೆ ಆಧಾರ ಬೇಕು. "ಕಟ್ಟಡ ನಿಧಿ", "ಸ್ವಇಚ್ಛೆಯ ದೇಣಿಗೆ" ಅಂತ ದಾಖಲಾತಿಯ ದಿನವೇ ಎಲ್ಲ ಪೋಷಕರ ಹೆಸರಲ್ಲೂ ಒಂದೇ ಮೊತ್ತದ ರಸೀದಿ ಹರಿದಿದ್ದರೆ ಅದು ಸ್ವಇಚ್ಛೆ ಅಂತ ಯಾರೂ ಒಪ್ಪುವುದಿಲ್ಲ. ಕ್ಯಾಪಿಟೇಷನ್ ಶುಲ್ಕವನ್ನು, ಅಂದರೆ ದಾಖಲಾತಿಗೆ ನಿಗದಿಗಿಂತ ಹೆಚ್ಚಾಗಿ ಪಡೆಯುವ ಹಣವನ್ನು, ಕರ್ನಾಟಕ 1984ರ ಕಾಯ್ದೆಯಲ್ಲೇ ನಿಷೇಧಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸುತ್ತದೆ. ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅನುದಾನಿತ ಶಾಲೆ ತನ್ನ ವಾರ್ಷಿಕ ಖರ್ಚಿನಲ್ಲಿ ಅನುದಾನದ ಪಾಲು ಎಷ್ಟೋ ಅಷ್ಟು ಪಾಲು ಮಕ್ಕಳಿಗೆ, ಕನಿಷ್ಠ ಶೇ. 25 ಮಕ್ಕಳಿಗೆ, ಉಚಿತವಾಗಿ ಕಲಿಸಬೇಕು. ಖರ್ಚಿನ ಶೇ. 90 ಅನುದಾನವಾದರೆ 100ರಲ್ಲಿ 90 ಮಕ್ಕಳು. ಈ ಲೆಕ್ಕವನ್ನು ಪ್ರತಿ ವರ್ಷ ಒಂದು ಹಾಳೆಯಲ್ಲಿ ಬರೆದಿಡಿ.

ರಸೀದಿ ಪುಸ್ತಕಗಳಿಗೂ ಒಂದು ದಾಸ್ತಾನು ವಹಿ ಬೇಕು: ಎಷ್ಟು ಮುದ್ರಿಸಿದ್ದು, ಯಾರ ಕೈಗೆ ಕೊಟ್ಟಿದ್ದು, ಎಷ್ಟು ಉಳಿದಿದೆ. ರದ್ದಾದ ರಸೀದಿಯ ಮೂಲಪ್ರತಿ ಪುಸ್ತಕದಲ್ಲೇ ಅಂಟಿರಲಿ.

ಹಂತ 7: ಆಡಿಟ್ ನಡೆಯುವ ದಿನಗಳು

ಒಬ್ಬರನ್ನು ಇದಕ್ಕೇ ಅಂತ ನೇಮಿಸಿ. ಕೇಳಿದ ಕಡತವನ್ನು ಪಟ್ಟಿ ಮಾಡಿ ಕೊಡಿ, ವಾಪಸ್ ಬಂದಾಗ ಗುರುತು ಹಾಕಿ. ಮೂಲ ದಾಖಲೆ ಶಾಲೆಯಿಂದ ಹೊರಗೆ ಹೋಗುವುದಾದರೆ ಬರವಣಿಗೆಯಲ್ಲಿ ಸ್ವೀಕೃತಿ ಪಡೆಯಿರಿ.

ಇಲ್ಲದ್ದನ್ನು ಇಲ್ಲ ಅನ್ನಿ. ಹಿಂದಿನ ದಿನಾಂಕ ಹಾಕಿ ಠರಾವು ಸೃಷ್ಟಿಸುವುದು, ಅಂಗಡಿಯಿಂದ ಹಳೆಯ ದಿನಾಂಕದ ಬಿಲ್ಲು ಬರೆಸಿ ತರುವುದು, ಇಂಥದ್ದಕ್ಕೆ ಕೈ ಹಾಕಬೇಡಿ. ಓಚರ್ ಇಲ್ಲ ಅನ್ನುವುದು ಲೋಪ. ಸುಳ್ಳು ಓಚರ್ ಅಪರಾಧ.

ಆಡಿಟರ್ ಪ್ರಶ್ನೆಗಳನ್ನು ಬರೆದುಕೊಡುವ ಮೆಮೊಗೆ ಅವರು ಶಾಲೆಯಲ್ಲಿ ಇರುವಾಗಲೇ ಬರಹದಲ್ಲಿ ಉತ್ತರ ಕೊಡಿ. ಬಾಯಿಮಾತಿನ ವಿವರಣೆ ವರದಿಗೆ ಬರುವುದಿಲ್ಲ. ಅರ್ಧಕ್ಕರ್ಧ ಆಕ್ಷೇಪಣೆಗಳನ್ನು ಈ ಹಂತದಲ್ಲೇ ಮುಗಿಸಬಹುದು. ಯಾಕಂದರೆ ಬಹಳ ಸಲ ಕಾಗದ ಇರುತ್ತದೆ, ಇನ್ನೊಂದು ಬೀರುವಿನಲ್ಲಿ ಇರುತ್ತದೆ ಅಷ್ಟೇ. ಕೊನೆಯ ದಿನದ ಚರ್ಚೆಗೆ ಮುಖ್ಯ ಗುರುಗಳ ಜೊತೆ ಆಡಳಿತ ಮಂಡಳಿಯ ಕಾರ್ಯದರ್ಶಿಯೂ ಕೂರಲಿ.

ಹಂತ 8: ಅನುಪಾಲನಾ ವರದಿ

ಆಡಿಟ್ ವರದಿ ಬಂದ ಮೇಲೆ ಗಡುವಿನೊಳಗೆ ಕಂಡಿಕೆವಾರು, ಅಂದರೆ ವರದಿಯ ಒಂದೊಂದು ಆಕ್ಷೇಪಣೆಗೂ ಬೇರೆ ಬೇರೆಯಾಗಿ, ಉತ್ತರ ಕೊಡಬೇಕು. ಆ ಉತ್ತರವೇ ಅನುಪಾಲನಾ ವರದಿ. "ಮುಂದೆ ಸರಿಪಡಿಸಿಕೊಳ್ಳಲಾಗುವುದು" ಎಂಬುದು ಉತ್ತರವಲ್ಲ. ಅಂಥ ಉತ್ತರಕ್ಕೆ ಕಂಡಿಕೆ ಹಾಗೇ ಉಳಿಯುತ್ತದೆ, ಹತ್ತು ವರ್ಷವಾದರೂ. ಹೀಗೆ ಬರೆಯಿರಿ: "ಕಂಡಿಕೆ 4: ವಾಚನಾಲಯ ಶುಲ್ಕ 3,200 ರೂ. ಜಮಾ ಆಗದಿದ್ದುದು ನಿಜ. ಸದರಿ ಮೊತ್ತವನ್ನು ಚಲನ್ ಮೂಲಕ ಜಮಾ ಮಾಡಿದೆ. ಚಲನ್ ಪ್ರತಿ ಲಗತ್ತು 1. ನಗದು ಪುಸ್ತಕದ ಪುಟ 62ರ ದೃಢೀಕೃತ ಪ್ರತಿ ಲಗತ್ತು 2. ಕಂಡಿಕೆ ಕೈಬಿಡಲು ಕೋರಿದೆ." ಒಪ್ಪಿಕೊಂಡಿದ್ದು, ಮಾಡಿದ್ದು, ಸಾಕ್ಷಿ, ಕೋರಿಕೆ. ಇಷ್ಟೇ ಸಾಕು.

ಆಕ್ಷೇಪಣೆಯೇ ತಪ್ಪು ಅನಿಸಿದರೆ ಯಾವ ಆದೇಶ, ಎಷ್ಟನೇ ಪುಟ ಅಂತ ತೋರಿಸಿ ವಿನಯದಿಂದ ಬರೆಯಿರಿ.

ಹೆಚ್ಚುವರಿ ಸಂಬಳದ ವಸೂಲಾತಿ ಬಂದಾಗ ಶಿಕ್ಷಕರಿಗೆ ಒಂದು ವಿಷಯ ತಿಳಿಸಿ. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸಿಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಕೆಲವು ಸಂದರ್ಭಗಳಲ್ಲಿ ವಸೂಲಿ ಮಾಡಬಾರದು ಅಂದಿದೆ: ಗ್ರೂಪ್ ಸಿ ಮತ್ತು ಡಿ ನೌಕರರಿಂದ, ನಿವೃತ್ತರಾದವರು ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕೂ ಮೇಲ್ಪಟ್ಟು ತಪ್ಪಾಗಿ ಪಾವತಿಯಾಗಿದ್ದಾಗ. ಆದರೆ "ಜಾಸ್ತಿ ಬಂದರೆ ವಾಪಸ್ ಕಟ್ಟುತ್ತೇನೆ" ಅಂತ ನೌಕರರು ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಈ ರಕ್ಷಣೆ ಸಿಗುವುದು ಕಷ್ಟ ಎಂಬುದು 2016ರ ಇನ್ನೊಂದು ತೀರ್ಪಿನಿಂದ ಗೊತ್ತಾಗುತ್ತದೆ. ವೇತನ ನಿಗದಿಯ ವೇಳೆ ಸಹಿ ಹಾಕಿದ ಕಾಗದಗಳಲ್ಲಿ ಅಂಥದ್ದಿದೆಯೇ ಅಂತ ಮೊದಲು ನೋಡಿ.

ಇನ್ನೊಂದು ವಿಷಯ. ಸರ್ಕಾರದ ಹಣದ ಮೇಲೆ ಗಣನೀಯವಾಗಿ ನಿಂತ ಶಿಕ್ಷಣ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಆಡಿಟ್ ವರದಿಯ ಪ್ರತಿ ಕೇಳಲು ಒಬ್ಬ ಪೋಷಕರು ಬಂದರೆ ಸಿಟ್ಟಾಗಬೇಡಿ. ಶಾಲಾ ಮೇಲ್ವಿಚಾರಣಾ ಸಮಿತಿಯ ಸಭೆಯಲ್ಲಿ ನೀವೇ ಓದಿ ಹೇಳಿಬಿಡಿ. ಅನುದಾನಿತ ಶಾಲೆಯಲ್ಲಿ ಆ ಸಮಿತಿಯ ಪಾತ್ರ ಸಲಹೆ ಕೊಡುವುದಷ್ಟೇ ಆದರೂ, ಪೋಷಕರಿಗೆ ಲೆಕ್ಕ ಹೇಳಿದ ಶಾಲೆಯ ಮೇಲೆ ಊರಿಗೆ ಬರುವ ನಂಬಿಕೆಯೇ ಬೇರೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಹಂತ 9: ತೀರುವಳಿ ಪತ್ರ ಬರುವವರೆಗೆ

ಉತ್ತರ ಕಳಿಸಿದ ಕೂಡಲೇ ಕೆಲಸ ಮುಗಿಯಲಿಲ್ಲ. ಕಂಡಿಕೆ ಕೈಬಿಟ್ಟಿದ್ದೇವೆ ಎಂಬ ಪತ್ರ ಕೈಗೆ ಬರಬೇಕು. ಅದಕ್ಕೆ ಒಂದು ವಹಿ ಇಡಿ: ವರದಿಯ ವರ್ಷ, ಕಂಡಿಕೆ ಸಂಖ್ಯೆ, ಮೊತ್ತ, ಉತ್ತರ ಕಳಿಸಿದ ದಿನಾಂಕ, ತೀರುವಳಿ ಪತ್ರದ ಸಂಖ್ಯೆ. ಕೊನೆಯ ಕಾಲಂ ಖಾಲಿ ಇರುವವರೆಗೆ ಮೂರು ತಿಂಗಳಿಗೊಮ್ಮೆ ನೆನಪೋಲೆ ಬರೆಯಿರಿ. ಆ ವರ್ಷದ ಓಚರ್, ವಹಿ ಯಾವುದನ್ನೂ ಅಲ್ಲಿಯವರೆಗೆ ವಿಲೇವಾರಿ ಮಾಡಬೇಡಿ.

ಮುಖ್ಯ ಗುರುಗಳು ನಿವೃತ್ತರಾಗುವಾಗ ಚಾರ್ಜ್ ಪಟ್ಟಿಯಲ್ಲಿ ಬೀರು, ಬೆಂಚು, ಬೀಗದ ಕೈ ಎಲ್ಲ ಬರೆಯುತ್ತೇವೆ. ಅದರಲ್ಲೇ "ಬಾಕಿ ಇರುವ ಆಡಿಟ್ ಕಂಡಿಕೆಗಳು" ಅಂತ ಒಂದು ಪುಟ ಸೇರಿಸಿ, ಕೊಡುವವರೂ ತೆಗೆದುಕೊಳ್ಳುವವರೂ ಅದಕ್ಕೆ ಸಹಿ ಹಾಕಲಿ. ಆ ಪುಟದ ಒಂದು ಪ್ರತಿ ಆಡಳಿತ ಮಂಡಳಿಗೆ, ಒಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ.